ನ್ಯೂಯಾರ್ಕಿನ 7 ನಂಬರ್ ರೈಲು: ದುಂಡಗಿನ 7 ಹತ್ತಿ, ಡೈಮಂಡ್ ಬೇಡ

ಟೈಮ್ಸ್ ಸ್ಕ್ವೇರಿನಲ್ಲಿ ಟೂರ್ ಬಸ್ ಟಿಕೆಟ್ ಮಾರುವವರು ಹೆಜ್ಜೆಗೊಬ್ಬರು ಅಡ್ಡ ಬರುತ್ತಾರೆ. ಅವರನ್ನು ದಾಟಿ ಕೆಳಗಿಳಿದರೆ 7 ನಂಬರ್ ರೈಲು. ಮೂರು ಡಾಲರ್ ಆಸುಪಾಸಿನ ಟಿಕೆಟ್ಟು, ನಗರದ ಕ್ವೀನ್ಸ್ ಅನ್ನೋ ಭಾಗದ ಉದ್ದಕ್ಕೂ ಊರು ತೋರಿಸುತ್ತದೆ.

ಮೊದಲ ಸಲ ಪೆದ್ದನಾದೆ. ಕೆಲಸ ಬಿಡುವ ಹೊತ್ತು, ಬಂದ ರೈಲು ಹತ್ತಿಬಿಟ್ಟೆ. ಬೋರ್ಡಿನಲ್ಲಿ 7ರ ಸುತ್ತ ಡೈಮಂಡ್ ಆಕಾರ ಇದ್ದರೆ ಅದು ಎಕ್ಸ್‌ಪ್ರೆಸ್ ಅಂತ ಗೊತ್ತಿರಲಿಲ್ಲ. ವುಡ್‌ಸೈಡ್ ಆದಮೇಲೆ ನಾನು ಇಳಿಯಬೇಕಿದ್ದ 74ನೇ ಸ್ಟ್ರೀಟ್ ಕಿಟಕಿಯಾಚೆ ಸುಮ್ನೆ ಹಾದುಹೋಯಿತು! ಜಂಕ್ಷನ್ ಬುಲೆವಾರ್ಡಿನಲ್ಲಿ ಇಳಿದು ವಾಪಸ್ ಬಂದೆ. ವೃತ್ತದೊಳಗೆ 7 ಇರುವುದು ಲೋಕಲ್, ಎಲ್ಲ ಕಡೆ ನಿಲ್ಲುತ್ತದೆ.

74ನೇ ಸ್ಟ್ರೀಟ್ ಅಂದರೆ ಜ್ಯಾಕ್ಸನ್ ಹೈಟ್ಸ್. ಒಂದು ಬೀದಿ ತುಂಬ ಸೀರೆ, ಬಂಗಾರದ ಅಂಗಡಿ, ಪಕ್ಕದ 73ರಲ್ಲಿ ಬಂಗಾಳಿ ಬೋರ್ಡುಗಳು, ಅಲ್ಲಲ್ಲಿ ನೇಪಾಳಿ, ಟಿಬೆಟನ್ ಮೊಮೊ. ಗಾಡಿಯ ಹೆಂಗಸು ಏನೋ ಕೇಳಿದರು, ಅಷ್ಟರಲ್ಲಿ ತಲೆಯ ಮೇಲಿನ ಹಳಿಯಲ್ಲಿ ರೈಲು ಗಡಗಡ ಅಂತು, ಏನೂ ಕೇಳಿಸಲಿಲ್ಲ. ಚಟ್ನಿ ಬಾಟಲಿ ಎತ್ತಿ ಹುಬ್ಬು ಹಾರಿಸಿದರು. ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಪ್ಲೇಟ್ ತಗೊಂಡೆ.

ಮುಂದೆ ಕರೋನಾ (ಏರಿಯಾದ ಹೆಸರೇ ಅದು, ಹೆದರಬೇಡಿ). ಬೋರ್ಡೆಲ್ಲ ಸ್ಪ್ಯಾನಿಷ್. ತಮಾಲೆ ನೋಡಲು ನಮ್ಮ ಕೊಟ್ಟೆ ಕಡುಬಿನ ಥರ, ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿರುತ್ತಾರೆ. ಸಸ್ಯಾಹಾರಿಗಳು ಕೇಳಿ ತಿನ್ನಿ, ಹಿಟ್ಟಿಗೇ ಹಂದಿ ಕೊಬ್ಬು ಹಾಕುವುದುಂಟು.

ಕೊನೆಯ ಸ್ಟಾಪ್ ಫ್ಲಶಿಂಗ್, ಪೂರ್ತಿ ಚೀನೀ ಪೇಟೆ. ಜನಜಂಗುಳಿ ಸಾಕಾದರೆ ಬೌನ್ ಸ್ಟ್ರೀಟಿನ ಗಣೇಶನ ಗುಡಿಗೆ ಹೋಗಿ, ಇಪ್ಪತ್ತು ನಿಮಿಷದ ನಡಿಗೆ. 1977ರಿಂದ ಇದೆ. ನೆಲಮಾಳಿಗೆಯಲ್ಲಿ ಕ್ಯಾಂಟೀನ್. ದರ್ಶಿನಿಯ ಹಾಗೆ ಕೌಂಟರಿನಲ್ಲಿ ಆರ್ಡರ್ ಮಾಡಿ ಕಾಯಬೇಕು. ಮಸಾಲೆ ದೋಸೆ ಅಂಚೆಲ್ಲ ಗರಿಗರಿ, ನಡುವೆ ಮೆತ್ತಗೆ, ಹೇಗಿರಬೇಕೋ ಹಾಗೆ. ಪಕ್ಕದ ಟೇಬಲ್ಲಿನ ಅಜ್ಜಿ ಮೊಮ್ಮಗನಿಗೆ "ಪಲ್ಯ ಬಿಡ್ಬೇಡ ಕಣೋ" ಅಂತ ಗದರುತ್ತಿದ್ದರು. ಹಾಸನದವರಂತೆ, ಮಗಳ ಮನೆಗೆ ಬಂದಿದ್ದಾರೆ.

ದುಡ್ಡಿನ ವಿಷಯ: ಸ್ಟೇಷನ್ನಿನಿಂದ ಹೊರಬಂದು ಮತ್ತೆ ಒಳಹೋದಾಗಲೆಲ್ಲ ಹೊಸ ಟಿಕೆಟ್ಟು. ಪ್ರತಿ ಸಲ ಒಂದೇ ಕಾರ್ಡ್ ಟ್ಯಾಪ್ ಮಾಡಿ. 7 ದಿನದಲ್ಲಿ 12 ಸಲ ಕೊಟ್ಟಮೇಲೆ ಆ ವಾರದ ಉಳಿದ ಓಡಾಟ ಫ್ರೀ.