ನನ್ನ ರಟ್ಟಿನ ಗ್ಯಾಲರಿ ಮತ್ತು ಉಳಿದೆರಡು

ನನ್ನ ಮೇಜಿನ ಮೇಲೆ 16 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ರಟ್ಟಿನ ಡಬ್ಬಿಯೊಂದಿದೆ. ಮುಂದಿನ ಪ್ರದರ್ಶನದ 22 ಚಿತ್ರಗಳೂ ಬೆಂಕಿಪೊಟ್ಟಣದ ಚಿತ್ರದಷ್ಟು ಕಿರಿದಾಗಿ ಅದರೊಳಗೆ ನೇತಾಡುತ್ತಿವೆ. ಹಾಲ್‌ನ ಒಂದಡಿಗೆ ಡಬ್ಬಿಯಲ್ಲಿ ಅರ್ಧ ಇಂಚಿನ ಲೆಕ್ಕ. ಯಾವ ಚಿತ್ರ ಯಾವ ಗೋಡೆಗೆ ಎಂದು ನಿರ್ಧರಿಸಲು ನಾನು ಹಿಡಿದ ಮೂರನೆಯ ದಾರಿ ಇದು. ಇದನ್ನು ಎರಡು ವರ್ಷ ಮೊದಲೇ ಮಾಡಿದ್ದರೆ ಸಾಕಿತ್ತು.

ಆಗ ನಾನು ನಂಬಿದ್ದು ಕಂಪ್ಯೂಟರನ್ನು. ಬಾಡಿಗೆಗೆ ಹಿಡಿದ ಹಾಲ್ 32 ಅಡಿ ಉದ್ದ, 9 ಅಡಿ ಅಗಲ. ಅಳತೆ ಕೊಟ್ಟೆ, ಗೋಡೆ ಎದ್ದವು, ಚಿತ್ರ ಅಂಟಿಸಿದೆ. ಐದಡಿ ಅಗಲದ ನನ್ನ ಅತಿ ದೊಡ್ಡ ಚಿತ್ರ ಉದ್ದ ಗೋಡೆಯ ನಡುವೆ ರಾಜನಂತೆ ಕುಳಿತಿತ್ತು. ಪರದೆಯನ್ನು ನೋಡಿ ನಾನೇ ಬೀಗಿದೆ.

ಉದ್ಘಾಟನೆಯ ಸಂಜೆ ಆ ಚಿತ್ರದ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಂತವರು ಪೂರ್ತಿ ನೋಡಲೆಂದು ಹಿಂದೆ ಹಿಂದೆ ಸರಿದು ಎದುರು ಗೋಡೆಯ ಜಲವರ್ಣದ ಚೌಕಟ್ಟಿಗೆ ಬೆನ್ನು ತಾಗಿಸಿ, ‘ಕ್ಷಮಿಸಿ’ ಎಂದು ಅದರ ಓರೆ ಸರಿಪಡಿಸಿ ಮುಂದೆ ಹೋದರು. ಐದು ದಿನಗಳಲ್ಲಿ ಆ ಜಲವರ್ಣವನ್ನು ಎಷ್ಟು ಸಲ ನೆಟ್ಟಗೆ ಮಾಡಿದೆನೋ ಲೆಕ್ಕವಿಲ್ಲ.

ಮನೆಗೆ ಬಂದು ಮತ್ತೆ ಕಂಪ್ಯೂಟರ್ ತೆರೆದಾಗ ಮೋಸ ತಿಳಿಯಿತು. ನಾನು ಗೋಡೆಯನ್ನು ನೋಡುತ್ತಿದ್ದುದು ಹಾಲ್‌ನ ಒಳಗಿನಿಂದಲ್ಲ. ನೋಟಕ್ಕೆ ಅಡ್ಡ ಬಂದ ಎದುರು ಗೋಡೆಯನ್ನು ತಂತ್ರಾಂಶ ಸದ್ದಿಲ್ಲದೆ ಮರೆಮಾಡಿ, ನನ್ನನ್ನು ಇಪ್ಪತ್ತಡಿ ದೂರ, ಅಂದರೆ ಕಟ್ಟಡದ ಹೊರಗೆ, ರಸ್ತೆಯಲ್ಲಿ ನಿಲ್ಲಿಸಿತ್ತು! ನೋಟದ ಎತ್ತರವನ್ನೂ ನಿಲ್ಲುವ ಜಾಗವನ್ನೂ ನಿಗದಿಪಡಿಸುವ ಸೌಲಭ್ಯ ಅದರಲ್ಲಿದೆ, ಒಪ್ಪುತ್ತೇನೆ. ಆದರೆ ಚೆನ್ನಾಗಿ ಕಾಣುವ ಕೋನ ಬೆರಳ ತುದಿಯಲ್ಲಿರುವಾಗ ಕೆಟ್ಟ ಕೋನವನ್ನು ಯಾರು ಹುಡುಕುತ್ತಾರೆ?

ಚಿತ್ರದಷ್ಟೇ ನೋಡುಗ ನಿಲ್ಲುವ ಜಾಗವೂ ಮುಖ್ಯ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕತ್ತಲ ಕೋಣೆಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಪ್ರದರ್ಶನಕ್ಕೆ ಹಳೆಯ ಪದ್ಧತಿ: ಹಾಲ್‌ನಲ್ಲೇ ಗೋಡೆಯ ಬುಡಕ್ಕೆ ಚಿತ್ರಗಳನ್ನು ಒರಗಿಸಿ ಅದಲುಬದಲು ಮಾಡುವುದು. ಯಾವ ಬಣ್ಣ ಯಾವುದರ ಪಕ್ಕ ಸತ್ತುಹೋಗುತ್ತದೆ ಎಂಬುದು ಇದರಲ್ಲಿ ತಿಳಿಯುವಷ್ಟು ಬೇರೆ ಯಾವುದರಲ್ಲೂ ತಿಳಿಯದು. ಆದರೆ ಬೆಳಿಗ್ಗೆ ಹತ್ತಕ್ಕೆ ಬೀಗದ ಕೈ ಸಿಕ್ಕಿ ಸಂಜೆ ಐದಕ್ಕೆ ಅತಿಥಿಗಳು ಬರುವಾಗ, ಮೊಳೆ ಹೊಡೆಯುವವನು ‘ಇದು ಎಲ್ಲಿ ಸಾರ್?’ ಎಂದು ಕಾಯುತ್ತಿರುವಾಗ ಕಲಾಪ್ರಜ್ಞೆ ಉಳಿಯುವುದಿಲ್ಲ. ಸೊಂಟವೂ ಉಳಿಯುವುದಿಲ್ಲ. (ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಬದಿಯಲ್ಲಿ ಈ ಚಿಂತೆಯೇ ಇಲ್ಲ, ಸಿಕ್ಕ ಜಾಗವೇ ಸ್ವರ್ಗ.)

ರಟ್ಟಿಗೆ ಖರ್ಚಾದದ್ದು ಇನ್ನೂರು ರೂಪಾಯಿಯೊಳಗೆ, ಬಣ್ಣದ ಪ್ರಿಂಟ್ ಸೇರಿ. ಒಂದು ಭಾನುವಾರ ಹೋಯಿತು. ಮೇಲಿನಿಂದ ಬಗ್ಗಿ ನೋಡಿದರೆ ಇದೂ ಮೋಸ ಮಾಡುತ್ತದೆ. ಅದಕ್ಕೇ ಬಾಗಿಲು ಕೊರೆದು, ಒಂದು ಕಣ್ಣು ಮುಚ್ಚಿ ಅಲ್ಲಿಂದಲೇ ಇಣುಕುತ್ತೇನೆ; ಎದುರು ಗೋಡೆಯಲ್ಲಿ ಸಣ್ಣ ತೂತು ಮಾಡಿ ಮೊಬೈಲ್ ಕ್ಯಾಮೆರಾವನ್ನು ಅಲ್ಲಿಗಿಡುತ್ತೇನೆ. ಅದಕ್ಕಿಂತ ಹಿಂದೆ ಸರಿಯಲು ರಟ್ಟು ಬಿಡುವುದಿಲ್ಲ. ಬಣ್ಣದ ವಿಷಯದಲ್ಲಿ ಪ್ರಿಂಟನ್ನು ನಂಬುವಂತಿಲ್ಲ, ಬೆಳಕಂತೂ ತಿಳಿಯುವುದೇ ಇಲ್ಲ.

ಮೊಳೆಯ ಎತ್ತರಕ್ಕೆ ಮೂರರಲ್ಲಿ ಯಾವುದೂ ಬೇಡ. ಚಿತ್ರದ ನಡುಬಿಂದು ನೆಲದಿಂದ 57 ಇಂಚು. ಅದಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ಚೌಕಟ್ಟಿನ ಹಿಂಬದಿಯ ನೇತುಹಾಕುವ ತಂತಿ, ಎಳೆದು ಹಿಡಿದಾಗ, ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಅಷ್ಟು ಕಳೆಯಬೇಕು. 36 ಇಂಚು ಎತ್ತರದ ಚೌಕಟ್ಟು, 4 ಇಂಚಿನ ಇಳಿತವಾದರೆ ಮೊಳೆ 71 ಇಂಚಿಗೆ.

ದೊಡ್ಡ ಹಾಲ್, ಬಾಡಿಗೆಗೆ ತಂದು ನಿಲ್ಲಿಸುವ ಗೋಡೆಗಳು, ಜೊತೆಗೆ ನಾಲ್ಕು ಕಲಾವಿದರು ಇದ್ದರೆ ನಾನೂ ಕಂಪ್ಯೂಟರನ್ನೇ ಹಿಡಿಯುತ್ತಿದ್ದೆನೇನೋ. ನಕ್ಷೆಯನ್ನು ಎಲ್ಲರಿಗೂ ಕಳುಹಿಸಿ ಜಗಳ ಮುಗಿಸಬಹುದು. ನನ್ನದು ಒಬ್ಬನ ಪ್ರದರ್ಶನ, ವರ್ಷಕ್ಕೊಂದು, ಕೈಯಲ್ಲಿ ಕತ್ತರಿ ಇಲ್ಲದೆ ತಲೆ ಓಡದು.

ಈ ಸಲವೂ ಮೊದಲಿನ ಅದೇ ಓಣಿಯಂಥ ಹಾಲ್ ಸಿಕ್ಕಿದೆ. ಐದಡಿಯ ಚಿತ್ರ ಬಾಗಿಲಿಗೆ ಎದುರಾದ ಒಂಬತ್ತಡಿ ಅಗಲದ ಗೋಡೆಗೆ ಹೋಗಿದೆ. ಒಳಗೆ ಕಾಲಿಟ್ಟವರಿಗೆ ಮೂವತ್ತಡಿ ದೂರದಿಂದಲೇ ಕಾಣುತ್ತದೆ. ಆ ಗೋಡೆಯ ಸ್ವಿಚ್ ಬೋರ್ಡನ್ನೂ ಕತ್ತರಿಸಿ ಅಂಟಿಸಿದ್ದೇನೆ. ಚಿತ್ರವನ್ನು ಎತ್ತ ಸರಿಸಿದರೂ ಅದು ಪಕ್ಕದಲ್ಲೇ ನಿಲ್ಲುತ್ತಿದೆ.