ಟ್ವಿಲೈಟ್ ಸೀರೀಸ್, 14 ವರ್ಷ ಓದಿದ ಮ್ಯಾಲೆ: ಎಡ್ವರ್ಡ್ ಫ್ಯಾನ್ಸ್ ಬೈಬ್ಯಾಡ್ರಿ

ಮೊದ್ಲ ಹೇಳಿಬಿಡ್ತೀನಿ, ಕಥಿ ಏನಂತ ಇಲ್ಲಿ ಬರಿಯಂಗಿಲ್ಲ. ಬೆಲ್ಲಾ, ಎಡ್ವರ್ಡ್, ಜೇಕಬ್ ಯಾರಂತ ಗೊತ್ತಿಲ್ಲದವ್ರು ಈ ರಿವ್ಯೂ ತಗದು ಓದಂಗಿಲ್ಲ ಅನ್ಕೊಂಡೀನಿ. ಆದ್ರೂ ಯಾರರ ಇದ್ರ ಇಷ್ಟು ಸಾಕು: ಇವು ಸ್ಟೆಫನಿ ಮೇಯರ್ ಬರದ ನಾಕು ಇಂಗ್ಲಿಷ್ ಕಾದಂಬರಿ, ಬೆಲ್ಲಾ ಮನಶ್ಯಾರ ಹುಡುಗಿ, ಎಡ್ವರ್ಡ್ ಅಕಿ ಪ್ರೀತಿಸೂ ವ್ಯಾಂಪೈರ್ (ರಕ್ತ ಕುಡಿಯೂ ದೆವ್ವ), ಜೇಕಬ್ ತೋಳ ಆಗೂ ಅಕಿ ಗೆಳೆಯ. ಹೋದ ತಿಂಗಳ ಗದಗಿನಿಂದ ಕಾಕಾನ ಮಗಳು ಫೋನ್ ಮಾಡಿ "ಅಕ್ಕಾ, ನಿನ್ನ ಟ್ವಿಲೈಟ್ ಸೆಟ್ ಕೊಡ್ತಿಯೇನ, ಓದಿ ವಾಪಸ್ ಕೊಡ್ತೀನಿ" ಅಂದ್ಲು. ಕೊಡೂಕಿಂತ ಮೊದ್ಲ ಒಮ್ಮೆ ತಿರುವಿ ನೋಡೂಣು ಅಂತ ಮೊದಲನೇದು ತಗದೆ, ನೋಡ್ತಾ ನೋಡ್ತಾ ನಾಕೂ ಮುಗದು ಹೋದ್ವು, ಆ ಹುಡುಗಿ ಇನ್ನೂ ಕಾಯಾಕತ್ತಾಳ.

ನಂದು ಮೊದಲನೇ ಕಾಪಿ 2010ರಾಗ ತಗೊಂಡಿದ್ದು, ಆಗ ಸೆಕೆಂಡ್ ಪಿಯುಸಿ. ಹುಬ್ಬಳ್ಳ್ಯಾಗ ಹಳೇ ಪುಸ್ತಕ ಮಾರವ್ರ ಹತ್ರ, 90 ರೂಪಾಯಿ. ಕರೀ ರಟ್ಟಿನ ಮ್ಯಾಲೆ ಎರಡು ಬೆಳ್ಳನ ಕೈ, ಕೈಯಾಗ ಕೆಂಪು ಸೇಬು, ಅದನ್ನ ನೋಡಿನ ತಗೊಂಡಿದ್ದು, ಒಳಗ ಏನೈತಿ ಯಾರಿಗ್ಗೊತ್ತು. ಹತ್ತನೇತ್ತ ತನಕ ಕನ್ನಡ ಮೀಡಿಯಂ ನಾನು, ಹಿಂಗಾಗಿ ಬಗಲಾಗ ಡಿಕ್ಷನರಿ ಇಟ್ಕೊಂಡು ಪೆನ್ಸಿಲ್ ತಗೊಂಡು ಹಾಳಿ ಬದೀಗೆ ಅರ್ಥ ಬರಕೋಂತ ಓದೀನಿ. ಚಾಗ್ರಿನ್ ಅಂತ ಒಂದು ಪದ ಐತಿ, ಪೆಚ್ಚಾಗೂದು ಅಂತ ಅರ್ಥ (ಅದನ್ನ ಹಂಗ ಅನ್ನಬಾರದು ಅಂತ ಡಿಗ್ರಿಗೆ ಬಂದ ಮ್ಯಾಲೆ ಕ್ಲಾಸಿನ್ಯಾಗ ಎಲ್ಲಾರ ಮುಂದ ಓದಿದಾಗ ಗೊತ್ತಾತು, ಆವತ್ತ ಆ ಪದದ ಅರ್ಥ ಪಕ್ಕಾ ಆತು). ಸ್ಟೆಫನಿ ಮೇಯರ್ ಅಕ್ಕಾರು ಆ ಪದ ಎಷ್ಟು ಸಲ ಬಳಸ್ಯಾರಂದ್ರ ಆಮ್ಯಾಲೆ ಅರ್ಥ ಬರಿಯೂದ ಬಿಟ್ಟೆ. ಅವ್ವ ಅಂತೂ "ದೆವ್ವದ ಬುಕ್ಕು ದೇವರ ಜಗಲಿ ಕಡೆ ಇಡಬ್ಯಾಡ" ಅಂತ ದಿನಾ ಒದರಾಡ್ತಿದ್ಲು. ಅವ್ವಾ, ಇವು ಮನಶ್ಯಾರ ರಕ್ತ ಕುಡಿಯಂಗಿಲ್ಲ, ಬರೇ ಪ್ರಾಣಿದು ಕುಡೀತಾವು, ತಮಗ ತಾವು ವೆಜಿಟೇರಿಯನ್ ಅಂತ ಕರಕೋತಾವು ಅಂದ್ರ, "ಜಿಂಕಿ, ಕರಡಿ ತಿಂದು ಶುದ್ಧ ಶಾಕಾಹಾರಿ ಅಂತ ಬೋರ್ಡು ಹಾಕ್ಯಾರನು?" ಅಂದ್ಲು. ಅದಕ್ಕ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ.

ಧಾರವಾಡದವ್ರಿಗೆ ಈ ಪುಸ್ತಕ ಬ್ಯಾರೆನ ಹತ್ತತೈತಿ ನೋಡ್ರಿ, ಮಳಿ ಸಂಬಂಧ. ಕಥಿ ನಡಿಯೂ ಫೋರ್ಕ್ಸ್ ಅನ್ನೂ ಊರು ಅಮೆರಿಕಾದ ವಾಷಿಂಗ್ಟನ್ ರಾಜ್ಯದಾಗ ಖರೇನ ಐತಿ. ಬರದವ್ರು ಇದ್ದಿದ್ದು ಅರಿಜೋನಾದ ರಣರಣ ಬಿಸಿಲಾಗ. 2003ರ ಜೂನ್ 2ಕ್ಕ ಅವ್ರಿಗೊಂದು ಕನಸು ಬಿತ್ತಂತ, ಒಬ್ಬಾಕಿ ಹುಡುಗಿ, ಮತ್ತ ಬಿಸಿಲಾಗ ಮಿಂಚೂ ಒಬ್ಬ ವ್ಯಾಂಪೈರ್, ಇಬ್ರೂ ಹುಲ್ಲುಗಾವಲಿನ್ಯಾಗ ಮಾತಾಡ್ಕೋಂತ ಇದ್ದದ್ದು. ಅದನ್ನ ಬರಕೊಂಡ ಮ್ಯಾಲೆ ಅಮೆರಿಕಾದಾಗ ಎಲ್ಲಾಕಿಂತ ಭಾಳ ಮಳಿ ಆಗೂ ಊರು ಯಾವ್ದು ಅಂತ ಗೂಗಲ್ ಮಾಡಿ ಫೋರ್ಕ್ಸ್ ಹುಡಕಿದ್ರಂತ, ಬರಿಯೂಮುಂದ ಆ ಊರಿಗೆ ಒಮ್ಮೆನೂ ಹೋಗಿರಲಿಲ್ಲ. ನಮ್ಮ ಮಳಿ ಅಲ್ಲೀದರ ಮೂರನೇ ಒಂದು ಪಾಲೂ ಆಗಲಿಕ್ಕಿಲ್ಲ, ಆದ್ರ ಜುಲೈದಾಗ ಧಾರವಾಡದ ಜಿಟಿಜಿಟಿ ಕಂಡವ್ರಿಗೆ ಹೇಳೂದು ಬ್ಯಾಡ, ಬೀಳೂದೂ ಇಲ್ಲ ನಿಂದ್ರೂದೂ ಇಲ್ಲ, ಪಡಸಾಲ್ಯಾಗ ಹಗ್ಗ ಕಟ್ಟಿ ಅರಬಿ ಒಣ ಹಾಕಿರ್ತಾರ, ಮೂರು ದಿನ ಆದ್ರೂ ಜೀನ್ಸ್ ಹಸೀನ ಇರ್ತಾವು, ಇಡೀ ಮನಿ ಅದ ವಾಸನಿ.

ಆ ದಿನದಾಗ ಓದಬೇಕ್ರಿ ಇದನ್ನ. ನಂದೊಂದು ಪದ್ಧತಿ ಐತಿ, ರವಿವಾರ ಮಧ್ಯಾಹ್ನ ಊಟ ಆದ ಮ್ಯಾಲೆ ಕಿಟಕಿ ಬಾಜೂಕ ಅಜ್ಜಿ ಹೊಲಿದ ಕೌದಿ ಹೊಚ್ಕೊಂಡು, ಒಂದು ತಾಟಿನ ತುಂಬ ಒಗ್ಗರಣಿ ಚುರಮರಿ, ಮ್ಯಾಲೆ ಪುಟಾಣಿ ಹಿಟ್ಟು, ಹಸೀ ಉಳ್ಳಾಗಡ್ಡಿ, ಚಾ ಬ್ಯಾರೆ. ಹಿಂಗಾಗಿ ನನ್ನ ಕಾಪಿಯಾಗ 13ನೇ ಚಾಪ್ಟರಿನ್ಯಾಗ, ಅಂದ್ರ ಅದ ಹುಲ್ಲುಗಾವಲಿನ ಸೀನು, ಎಡ್ವರ್ಡ್ ಅಂಗಿ ಗುಂಡಿ ಬಿಚ್ಚಿ ಬಿಸಿಲಿಗೆ ಬಂದು ಥಳಥಳ ಹೊಳಿತಾನಲ್ಲ, ಕರೆಕ್ಟ್ ಅಲ್ಲೇ ನನ್ನ ಹೆಬ್ಬಟ್ಟಿಂದು ಅರಿಶಿಣ ಎಣ್ಣಿ ಗುರ್ತು ಐತಿ. ಪಾಪ ಅಂವಗೂ ಒಗ್ಗರಣಿ ಬಿದ್ದೈತಿ.

ಎರಡನೇದು ನ್ಯೂ ಮೂನ್. ಇದರದ್ದೊಂದು ಮರ್ಯಾದಿ ಹೋದ ಕಥಿ ಐತಿ. ಎಡ್ವರ್ಡ್ ಬೆಲ್ಲಾನ್ನ ಅಡವ್ಯಾಗ ಬಿಟ್ಟು ಹೋಗ್ತಾನ, ಅಲ್ಲಿಗೆ ಓದಿ ಕಣ್ಣಾಗ ನೀರು ತಗೊಂಡು ಹಾಳಿ ತಿರುವಿದ್ರ ಒಂದು ಹಾಳಿ ಖಾಲಿ. ಬರೇ ಅಕ್ಟೋಬರ್ ಅಂತ ಐತಿ. ಇನ್ನೊಂದು ತಿರುವಿದ್ರ ನವೆಂಬರ್. ಆಮ್ಯಾಲೆ ಡಿಸೆಂಬರ್, ಜನವರಿ. ತಲಿ ಕೆಡ್ತು ನಂಗ, ಮುಂದಿನ ಶನಿವಾರ ಬಸ್ ಹಿಡದು ಹುಬ್ಬಳ್ಳಿಗೆ ಹೋಗಿ ಆ ಅಂಗಡಿಯವ್ರ ಮುಂದ ನಿಂತು "ಅಣ್ಣಾರ, ಡ್ಯಾಮೇಜ್ ಬುಕ್ ಕೊಟ್ಟೀರಿ, ನಾಕು ತಿಂಗಳ ಪ್ರಿಂಟ ಆಗಿಲ್ಲ" ಅಂತ ಜಗಳಕ್ಕ ನಿಂತೆ. ಅವ್ರು ಚಷ್ಮಾ ಏರಿಸಿ, ಹಾಳಿ ತಿರುವಿ ನೋಡಿ, ಒಳಗಿಂದ ಇನ್ನೊಂದು ಕಾಪಿ ತಗದು ಅದರಾಗೂ ಅದ ಜಾಗ ತೋರಿಸಿ "ತಂಗೀ, ಇವು ಅಮೆರಿಕಾದಾಗ ಡ್ಯಾಮೇಜ್ ಆಗಿ ಬಂದಾವು, ನಾ ಏನ್ ಮಾಡ್ಲಿ" ಅಂದ್ರು. ಅಲ್ಲೇ ನಿಂತಿದ್ದ ಕಾಲೇಜ್ ಹುಡುಗ್ರು ನಕ್ಕಿದ್ದು ಇನ್ನೂ ಕಿವ್ಯಾಗ ಐತಿ. ಬಸ್ಸಿನ್ಯಾಗ ವಾಪಸ್ ಬರೂಮುಂದ ತಿಳೀತು, ಬೆಲ್ಲಾಗ ಆ ನಾಕು ತಿಂಗಳ ಏನೂ ಇಲ್ಲ, ಎದ್ದಿದ್ದು ಉಂಡಿದ್ದು ಯಾವ್ದೂ ನೆನಪಿಲ್ಲ, ಅದಕ್ಕ ಹಾಳೀನ ಖಾಲಿ ಬಿಟ್ಟಾರ. ಇಡೀ ಸೀರೀಸಿನ್ಯಾಗ ಶಾಣ್ಯಾತನದ ಹಾಳಿ ಯಾವು ಅಂದ್ರ ತಿಂಗಳ ಹೆಸರು ಬಿಟ್ರ ಒಂದಕ್ಷರಾನೂ ಇಲ್ಲದ ಆ ಹಾಳಿನ ಅಂತೀನಿ ನಾ.

ಈಗ ಬೈಸ್ಕೊಳ್ಳೂ ಭಾಗ.

ಮೊದಲನೇ ಪುಸ್ತಕದಾಗ ಎಡ್ವರ್ಡ್ ರಾತ್ರಿ ಬೆಲ್ಲಾನ ಕೋಣ್ಯಾಗ ಬಂದು ಅಕಿ ಮಲಗಿದ್ದನ್ನ ನೋಡ್ಕೋಂತ ಇರ್ತಾನ, ಅಕಿಗೆ ಗೊತ್ತ ಇರಂಗಿಲ್ಲ, ಗೊತ್ತಾದ ಮ್ಯಾಲೆ ಸಿಟ್ಟೂ ಬರಂಗಿಲ್ಲ. ಪಿಯುಸಿ ಇದ್ದಾಗ ನಾ ಆ ಸಾಲಿನ ಕೆಳಗ ಗೆರಿ ಎಳದು ಬಾಜೂಕ ಹಾರ್ಟ್ ತಗದೀನಿ, ಇನ್ನೂ ಐತಿ. 24 ವರ್ಷ ಇದ್ದಾಗ ಹುಬ್ಬಳ್ಳ್ಯಾಗ ಕೆಲಸ ಸಿಕ್ಕು ಪಿಜಿಯಾಗ ಇದ್ದೆ. ಎದುರಿನ ಚಾ ಅಂಗಡಿ ಹತ್ರ ಒಬ್ಬಾಂವ ದಿನಾ ನಿಂದ್ರತಿದ್ದ. ಮಾತಾಡಿಸಲಿಲ್ಲ, ಬೆನ್ನ ಹತ್ತಲಿಲ್ಲ, ನಿಂತು ನೋಡೂದು ಅಷ್ಟ. ನಾ ಎಷ್ಟೊತ್ತಿಗೆ ಹೋಗ್ತೀನಿ ಎಷ್ಟೊತ್ತಿಗೆ ಬರ್ತೀನಿ ನನಗಿಂತ ಅಂವಗ ಛಲೋ ಗೊತ್ತಿತ್ತು. ಸುಮಾರು ನಲವತ್ತು ದಿನ. ಕಿಟಕಿ ತಗಿಯೂದ ಬಿಟ್ಟಿದ್ದೆ, ಬ್ಯಾಸಿಗಿ ಬ್ಯಾರೆ. ಅದಾದ ಮ್ಯಾಲೆ ಯಾವಾಗ ಆ ಸೀನು ಬಂದ್ರೂ ನಂಗ ಎಡ್ವರ್ಡ್‌ನ ಮುಖ ಕಾಣಂಗಿಲ್ಲ, ಆ ಚಾ ಅಂಗಡಿ ಕಾಣತೈತಿ. 2020ರ ಆಗಸ್ಟಿಗೆ ಮಿಡ್‌ನೈಟ್ ಸನ್ ಬಂತಲ್ಲ, ಎಡ್ವರ್ಡ್ ಬಾಯಿಂದ ಹೇಳೂ ಅದ ಕಥಿ, ಅದರಾಗ ಕಿಟಕಿ ಸಪ್ಪಳ ಮಾಡತೈತಿ ಅಂತ ಅಂವ ಮುಂದಿನ ಸಲ ಎಣ್ಣಿ ತರಬೇಕು ಅಂತ ಲೆಕ್ಕ ಹಾಕ್ತಾನ. ಅಲ್ರಿ, ಅಂವ 1901ರಾಗ ಹುಟ್ಟಿದಾಂವ, 1918ರ ಫ್ಲೂ ಬಂದಾಗ ಸಾಯೂ ಹೊತ್ತಿನ್ಯಾಗ ವ್ಯಾಂಪೈರ್ ಆದಾಂವ, ನೂರು ವರ್ಷ ಜಗತ್ತು ನೋಡಿ ಕಲಿತಿದ್ದು ಕಿಟಕಿಗೆ ಎಣ್ಣಿ ಹಾಕೂದನು?

ಆ ಪುಸ್ತಕ ಹೊಸಾದು ತಗೊಂಡು ದುಡ್ಡು ಕಳಕೊಂಡೆ. ಲಾಕ್‌ಡೌನ್ ದಿನ, ಅರ್ಧ ಪಗಾರ, ಆದ್ರೂ ತಡಿಯಾಕ ಆಗಲಿಲ್ಲ. 2008ರಾಗ ಅದರ ಅರ್ಧಮರ್ಧ ಡ್ರಾಫ್ಟ್ ಯಾರೋ ಇಂಟರ್ನೆಟ್ಟಿನ್ಯಾಗ ಹರಿಬಿಟ್ಟು ಮೇಯರ್ ಅಕ್ಕಾರು ಬ್ಯಾಸತ್ತು ಬರಿಯೂದ ನಿಲ್ಲಿಸಿಬಿಟ್ಟಿದ್ರು, ನಾವು ಹನ್ನೆರಡು ವರ್ಷ ಕಾದೀವಿ, ಕಾದಿದ್ದಕ್ಕ 650ಕ್ಕಿಂತ ಹೆಚ್ಚು ಪುಟ ಅಂವನ ಚಿಂತಿ. ಮಲಕೊಂಡು ಓದೂಮುಂದ ಎದಿ ಮ್ಯಾಲೆ ಇಟ್ಕೊಂಡ್ರ ಕಡಪಾ ಕಲ್ಲು ಇಟ್ಟಂಗ ಆಗತೈತಿ.

ಮೂರನೇದು, ಎಕ್ಲಿಪ್ಸ್‌ದಾಗ ನಂಗ ಪೂರಾ ಮನಸು ಮುರೀತು. ಬೆಲ್ಲಾ ಜೇಕಬ್‌ನ್ನ ನೋಡಾಕ ಲಾ ಪುಶ್‌ಗೆ ಹೊಂಟಿರ್ತಾಳ (ಲಾ ಪುಶ್‌ನೂ ಖರೇ ಊರ, ಅಲ್ಲಿ ಮೂಲನಿವಾಸಿ ಕ್ವಿಲಿಯೂಟ್ ಜನರೂ ಖರೇ ಜನ, ಅವ್ರನ್ನ ತೋಳ ಮಾಡಿ ಬರಿಯೂಮುಂದ ಒಂದು ಮಾತು ಕೇಳಬೇಕಿತ್ತು ಅನಸ್ತೈತಿ). ಅಕಿ ಹಳೇ ಕೆಂಪು ಟ್ರಕ್ ಹತ್ತಿ ಚಾವಿ ತಿರುವಿದ್ರ ಗಾಡಿ ಚಾಲೂ ಆಗಂಗಿಲ್ಲ, ಬಾಜೂ ಸೀಟಿನ್ಯಾಗ ಎಡ್ವರ್ಡ್ ಕುಂತಾನ, ಕೈಯಾಗ ಎಂಜಿನ್ನಿಂದು ಬಿಚ್ಚಿದ ಒಂದು ಪಾರ್ಟ್ ಹಿಡಕೊಂಡು. ಅಕಿ ಹೋಗಬಾರದಂತ. ಸಾಲಿ ಟೈಮಿನೊಳಗ ವಾಪಸ್ ಜೋಡಿಸ್ತೀನಿ ಅಂತಾನ, ಏನ್ ಉಪಕಾರ ನೋಡ್ರಿ.

ಈ ಸೀನು ನಂಗ ಯಾಕ ಇಷ್ಟು ಚುಚ್ಚತೈತಿ ಅಂದ್ರ ನಾನು ಮೆಕ್ಯಾನಿಕ್ ಮಗಳು. ಅಪ್ಪ ವಾಯವ್ಯ ಸಾರಿಗೆ ಡಿಪೋದಾಗ 31 ವರ್ಷ ಬಸ್ ರಿಪೇರಿ ಮಾಡ್ಯಾನ. ಗಾಡಿ ಬಿಚ್ಚೂದು ಚಾಲೂ ಆಗಲಿ ಅಂತ, ನಿಂದ್ರಲಿ ಅಂತ ಅಲ್ಲ, ನಮ್ಮ ಮನ್ಯಾಗ.

ಇದನ್ನ ಓದಿ ಸಿಟ್ಟಿಗೆದ್ದು ಪುಸ್ತಕ ಮುಚ್ಚಿ, ಮತ್ತ ಮೊದಲನೇದಕ್ಕ ಹೋಗಿ ಅದ ಟ್ರಕ್ಕಿನ ಇನ್ನೊಂದು ಸೀನು ಹುಡಕಿದೆ. ಹದಿನಾಲ್ಕು ವರ್ಷದಾಗ ಎಂಟ್ಹತ್ತು ಸಲ ಓದೀನಿ, ಹಾಳಿ ಬದೀಗೆ ಒಂದು ಗೆರಿನೂ ಇಲ್ಲ ಅಲ್ಲಿ. ರಾತ್ರಿ ಮಳಿ ಹೆಪ್ಪುಗಟ್ಟಿ ರಸ್ತೆ ಎಲ್ಲಾ ಕನ್ನಡಿ ಆಗಿರತೈತಿ, ಬೆಲ್ಲಾ ಗಾಡಿ ಜಾರದ ಹಂಗ ಸಾಲಿ ಮುಟ್ತಾಳ, ಹೆಂಗಪ್ಪಾ ಅಂತ ಇಳದು ಟ್ರಕ್ಕಿನ ಹಿಂದ ಹೋಗಿ ನೋಡಿದ್ರ ಟೈರಿಗೆ ಸಣ್ಣ ಸರಪಳಿ ಸುತ್ತಿರತೈತಿ. ಅವರಪ್ಪ ಚಾರ್ಲಿ, ಪೊಲೀಸ್ ಚೀಫ್, ಮಾತು ಕಮ್ಮಿ, ಅಡಗಿ ಬರಂಗಿಲ್ಲ, ಸೂಟಿ ಇದ್ರ ಮೀನ ಹಿಡಿಯಾಕ ಹೋಗಾಂವ, ಅಕಿ ಏಳೂಕಿಂತ ಮೊದ್ಲ ಆ ಥಂಡ್ಯಾಗ ಎದ್ದು ಸರಪಳಿ ಹಾಕಿ ಒಂದು ಮಾತೂ ಹೇಳದ ಡ್ಯೂಟಿಗೆ ಹೋಗ್ಯಾನ. ಅಕಿಗೆ ಗಂಟಲ ಬಿಗಿತೈತಿ. ಆ ಗಂಟಲ ಬಿಗದದ್ದು ಇಳಿಯೂಕಿಂತ ಮೊದ್ಲ ವ್ಯಾನ್ ಜಾರಿ ಬಂದು, ಎಡ್ವರ್ಡ್ ಅದನ್ನ ಕೈಲೆ ತಡದು, ಎಲ್ಲಾರೂ ಅಂವನ್ನ ನೋಡಾಕ ಹತ್ತಿಬಿಡ್ತೀವಿ. ಸರಪಳಿ ಮರ್ತ ಹೋಗತೈತಿ. ನಾನೂ ಮರ್ತಿದ್ದೆ.

ನಾ ಡಿಗ್ರಿ ಓದೂಮುಂದ ಒಂದು ಹಳೇ ಸ್ಕೂಟಿ ಇತ್ತು, ಮಳಿಗಾಲದಾಗ ಹತ್ತು ಒದ್ರೂ ಏಳತಿರಲಿಲ್ಲ. ಆದ್ರ ನಾ ಕಾಲೇಜಿಗೆ ಹೋಗೂಮುಂದ ಮಾತ್ರ ಒಂದ ಕಿಕ್. ಅದೃಷ್ಟ ಅಂತಿದ್ದೆ. ಆಮ್ಯಾಲೊಮ್ಮೆ ನೀರು ಕುಡಿಯಾಕ ಬೆಳಗಿನ ಐದಕ್ಕ ಎದ್ದಾಗ ನೋಡ್ತೀನಿ, ಅಡಗಿ ಮನ್ಯಾಗ ಅಪ್ಪ ಇಕ್ಕಳದಾಗ ಪ್ಲಗ್ ಹಿಡದು ಗ್ಯಾಸಿನ ಮ್ಯಾಲೆ ಕಾಸಾಕತ್ತಾನ, ಬಾಜೂಕ ಚಾ ಪಾತೇಲಿ. ತುದಿ ಪಾಲಿಶ್ ಪೇಪರ್‌ಲೆ ತಿಕ್ಕಿ, ಊದಿ, ಬೆಳಕಿಗೆ ಹಿಡದು ನೋಡಿ, ಮಳ್ಯಾಗ ಟವೆಲ್ ತಲಿಮ್ಯಾಲೆ ಹಾಕ್ಕೊಂಡು ಹೋಗಿ ಹಾಕಿ ಬಂದ. ಸೀಟಿನ ಮ್ಯಾಲೆ ಗೊಬ್ಬರದ ಚೀಲ ಹೊಚ್ಚಿ ಹಳೇ ಟ್ಯೂಬಿನ ಪಟ್ಟಿಲೆ ಕಟ್ಟಿದ. ನನ್ನ ನೋಡಿ "ಯಾಕ ಎದ್ದಿ, ಮಲ್ಕೋ ಹೋಗು" ಅಂದ, ಅಷ್ಟ.

ನಾಕನೇದರ ಬಗ್ಗೆ ಭಾಳ ಬರಿಯಂಗಿಲ್ಲ. ಫುಟ್‌ಪಾತಿನ್ಯಾಗ ತಗೊಂಡ ಬ್ರೇಕಿಂಗ್ ಡಾನ್ ಡೂಪ್ಲಿಕೇಟ್ ಇತ್ತು, ಮದವಿ ಆದ ಮ್ಯಾಲಿನ ಮೂವತ್ತು ಪುಟ ಎರಡೆರಡು ಸಲ ಇದ್ದು ಮುಂದಿನ ಮೂವತ್ತು ಮಾಯ. ಒರಿಜಿನಲ್ ತಗೊಂಡು ಓದಿದ್ರ ಹಂಗ ಇದ್ರೂ ನಡೀತಿತ್ತು ಅನಿಸ್ತು. ಹುಟ್ಟಿದ ಕೂಸಿಗೆ ಜೇಕಬ್‌ನ ಗಂಟು ಹಾಕೂದು ಯಾವ ವಯಸ್ಸಿನ್ಯಾಗ ಓದಿದ್ರೂ ಹೊಟ್ಟಿ ತೊಳಸ್ತೈತಿ, ಕೊನೀಗೆ ಇಟಲಿಯಿಂದ ಆ ದೊಡ್ಡ ವ್ಯಾಂಪೈರ್ ಹಿರ್ಯಾರು ದಂಡು ಕಟ್ಕೊಂಡು ಬಂದು, ಪಂಚಾಯ್ತಿ ಮಾಡಿ, ಮನಿಗೆ ಹೋಗ್ತಾರ. ಟ್ರಕ್ಕೂ ಅಷ್ಟೊತ್ತಿಗೆ ಸತ್ತಿರತೈತಿ, ಎಡ್ವರ್ಡ್ ಮರ್ಸಿಡಿಸ್ ಕೊಡಸ್ಯಾನ.

ರೇಟಿಂಗ್ ಕೇಳಿದ್ರ 5ಕ್ಕ ಮೂರೂವರಿ. ಹೊಸಾ ಸೆಟ್ಟಿಗೆ ಸಾವಿರಗಟ್ಟಲೆ ಹಾಕಬ್ಯಾಡ್ರಿ, ಮೊದಲಿನ ಎರಡು ಹಳೇವು ಸಿಕ್ರ ತಗೋರಿ, ಧಾರವಾಡ-ಹುಬ್ಬಳ್ಳಿ ಚಿಗರಿ ಬಸ್ಸಿನ್ಯಾಗ ಓಡಾಡವ್ರಿಗಂತೂ ಹೋಗೂಮುಂದ ಒಂದು ಚಾಪ್ಟರ್, ಬರೂಮುಂದ ಒಂದು ಚಾಪ್ಟರ್ ಲೆಕ್ಕ ಬರೋಬ್ಬರಿ ಕುಂದ್ರತೈತಿ. ಕಾಕಾನ ಮಗಳಿಗೂ ಎರಡ ಕೊಡೂದು ಅಂತ ಮಾಡೀನಿ, ಆ ಹಾರ್ಟ್ ರಬ್ಬರ್ ಹಚ್ಚಿ ಅಳಸ್ಲೋ ಬ್ಯಾಡೋ ಇನ್ನೂ ತಿಳೀವಲ್ದು.

ಮೊನ್ನೆ ರಾತ್ರಿ ಊಟಕ್ಕ ಕುಂತಾಗ ಅಪ್ಪಗ ಆ ಸರಪಳಿ ಕಥಿ ಹೇಳಿದೆ. ವ್ಯಾಂಪೈರ್ ಬಗ್ಗೆ ಏನೂ ಕೇಳಲಿಲ್ಲ. ರೊಟ್ಟಿ ಮುರಕೋಂತ ಸ್ವಲ್ಪ ಹೊತ್ತು ಸುಮ್ಮನಿದ್ದು "ನಾಕೂ ಗಾಲಿಗೆ ಹಾಕಿದ್ನೋ, ಹಿಂದಿನ ಎರಡಕ್ಕ ಅಷ್ಟನೋ?" ಅಂದ. ಎದ್ದು ಹೋಗಿ ಪುಸ್ತಕ ತಗೊಂಡು ಬಂದು ನೋಡಿ, ಅಕಿ ಗಾಡಿ ಹಿಂದ ಹೋಗಿ ನೋಡ್ತಾಳಪ್ಪಾ ಅಂದೆ.

"ಹಂಗಾದ್ರ ಸರಿ ಮಾಡ್ಯಾನ, ಹಳೇ ಟ್ರಕ್ ಎಳಿಯೂದು ಹಿಂದಿನ ಗಾಲಿನ" ಅಂದು, ಪಲ್ಯ ಹಾಕು ಅಂತ ತಾಟು ಮುಂದ ಮಾಡಿದ.