ಕಡಗಂಚಿಯ ಹಾಸ್ಟೆಲ್ಲೋ, ಕಲಬುರಗಿಯ ರೂಮೋ? ಮೂರು ಕಡೆ ಇದ್ದು ನೋಡಿದ ಮೇಲೆ

ನಮ್ಮ ಸುರಪುರದ ಹುಡುಗಿಯೊಬ್ಬಳಿಗೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಮೊನ್ನೆ ಫೋನ್ ಮಾಡಿ, "ಯಕ್ಕಾ, ಹಾಸ್ಟೆಲ್ ಹಿಡೀಲ್ಯೋ, ಕಲಬುರಗ್ಯಾಗ ರೂಮ್ ಮಾಡ್ಲ್ಯೋ?" ಅಂತ ಕೇಳಿದಳು. ನಾನು 2023ರಿಂದ 2025ರವರೆಗೆ ಅಲ್ಲೇ ಎಂ.ಎ. ಓದಿದವಳು. ಮೊದಲ ವರ್ಷ ಕ್ಯಾಂಪಸ್ ಹಾಸ್ಟೆಲ್, ಮೂರನೇ ಸೆಮಿಸ್ಟರ್ ಕಲಬುರಗಿ ಊರಲ್ಲಿ ಪಿಜಿ, ಕೊನೆಯ ಸೆಮಿಸ್ಟರ್ ಇಬ್ಬರು ಗೆಳತಿಯರ ಜೊತೆ ಬಾಡಿಗೆ ರೂಮು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಒಂದು ಮಾತು. 2009ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಕಲಬುರಗಿ ಊರೊಳಗಿಲ್ಲ. ಆಳಂದ ರಸ್ತೆಯಲ್ಲಿ ಕಡಗಂಚಿ ಹತ್ತಿರ, ತೊಗರಿ ಹೊಲಗಳ ನಡುವೆ ಇದೆ. ಸೇಡಂ ರಸ್ತೆಯ ಗುಲ್ಬರ್ಗಾ ವಿಶ್ವವಿದ್ಯಾಲಯದವರಿಗೆ ಊರು ಹತ್ತಿರ, ಅವರ ಲೆಕ್ಕ ಬೇರೆ. ನಮಗೆ ಹೊರಗಿರುವುದು ಅಂದರೆ ದಿನಾ ಆಳಂದ ಬಸ್ಸಿನಲ್ಲಿ ಹೋಗಿ ಬರುವುದು.

ಹಾಸ್ಟೆಲ್ಲಿನಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಟೈಮು. ಕ್ಲಾಸಿಗೆ ನಡೆದುಕೊಂಡೇ ಹೋಗುತ್ತಿದ್ದೆ. ಲೈಬ್ರರಿಯಿಂದ ಬಂದು ಊಟ ಮಾಡಿ ಮತ್ತೆ ಓದಲು ಕೂತರೆ ಯಾರ ತಕರಾರೂ ಇರಲಿಲ್ಲ. ಕೇರಳದ, ಒಡಿಶಾದ ಹುಡುಗಿಯರ ಜೊತೆ ಇದ್ದು ಹಿಂದಿ, ಇಂಗ್ಲಿಷ್ ಮಾತಾಡುವ ಅಂಜಿಕೆ ಹೋಯಿತು. ಕನ್ನಡ ಮಾಧ್ಯಮದಲ್ಲಿ ಡಿಗ್ರಿ ಮುಗಿಸಿ ಬಂದ ನನಗೆ ಇದು ಸಣ್ಣ ಮಾತಲ್ಲ. ಜೋಳದ ರೊಟ್ಟಿ ಮಾತ್ರ ಬಹಳ ನೆನಪಾಗುತ್ತಿತ್ತು. ಊರಿಗೆ ಹೋದಾಗ ಅವ್ವ ಕಟ್ಟಿಕೊಡುತ್ತಿದ್ದ ಕಟಕ ರೊಟ್ಟಿ (ಗರಿಗರಿ ಒಣ ರೊಟ್ಟಿ), ಶೇಂಗಾ ಹಿಂಡಿ (ಚಟ್ನಿಪುಡಿ) ಎರಡು ವಾರ ಬರುತ್ತಿತ್ತು.

ಅಷ್ಟು ಚೆನ್ನಾಗಿದ್ದರೂ ಬಿಟ್ಟೆ. ಸರ್ಕಾರಿ ನೌಕರಿಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಸಂಜೆ ಕೋಚಿಂಗ್ ಸೇರಬೇಕಿತ್ತು, ಅದು ಇರುವುದು ಊರಲ್ಲಿ.

ಪಿಜಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಂಗಳಿಗೆ 5,500 ರೂಪಾಯಿ, ಒಂದು ಕೋಣೆಗೆ ಮೂರು ಮಂಚ, ಎರಡು ಹೊತ್ತಿನ ಊಟವೂ ಅದರಲ್ಲೇ. ಆದರೆ ನಾಷ್ಟಾ ತಯಾರಾಗುತ್ತಿದ್ದದ್ದು ಎಂಟೂವರೆಗೆ. ನಾನು ಏಳೂವರೆಗೇ ಮನೆ ಬಿಡಬೇಕು. ಉಣ್ಣದ ಊಟಕ್ಕೆ ನಾಲ್ಕು ತಿಂಗಳು ದುಡ್ಡು ಕೊಟ್ಟೆ. ಹನ್ನೊಂದಕ್ಕೆ ಲೈಟ್ ಆರಿಸಬೇಕು, ಓದಲು ಮೇಜಿಲ್ಲ. ಮೂರರಲ್ಲಿ ನನಗೆ ಎಲ್ಲಕ್ಕಿಂತ ಕಡಿಮೆ ಹಿಡಿಸಿದ್ದು ಇದೇ.

ರೂಮಿನ ಕಥೆ ಬೇರೆ. ಬಸ್ಸು ಅಲ್ಲೇ ಸಿಗಲಿ ಅಂತ ಆಳಂದ ಚೆಕ್‌ಪೋಸ್ಟ್ ಕಡೆ ನೋಡಿದೆವು. ಮೇಲ್ಮಹಡಿಯ ಒಂದು ರೂಮು, ಅಡುಗೆಗೆ ಸಣ್ಣ ಜಾಗ, ನೆಲಕ್ಕೆ ಶಹಾಬಾದ್ ಫರಸಿ. ಬಾಡಿಗೆ 6,000, ಮೂವರಿಗೆ ತಲಾ 2,000. ಅಡ್ವಾನ್ಸ್ 20,000. ಮಧ್ಯಾಹ್ನ ಕ್ಯಾಂಪಸ್ಸಿನಲ್ಲೇ ಉಣ್ಣುತ್ತಿದ್ದೆವು. ರಾತ್ರಿಗೆ ಹತ್ತಿರದ ಖಾನಾವಳಿಯಿಂದ ಡಬ್ಬಿ. ಮುಚ್ಚಳ ತೆಗೆದರೆ ಮೇಲೆ ಎರಡು ಬಿಸಿ ರೊಟ್ಟಿ, ಕೆಳಗೆ ಪುಂಡಿಪಲ್ಲೆ, ಒಂದು ಮೂಲೆಯಲ್ಲಿ ಹಿಂಡಿ. ಮೊದಲ ದಿನ ಮೂವರೂ ಮಾತಿಲ್ಲದೆ ಉಂಡೆವು. ಹಾಸ್ಟೆಲ್ಲಿನಲ್ಲಿ ಇಲ್ಲದ ಆ ಸುಖವನ್ನು ಇವತ್ತಿಗೂ ಮರೆತಿಲ್ಲ.

ಜನವರಿ, ಫೆಬ್ರವರಿ ಹೀಗೇ ಹೋಯಿತು. ಏಪ್ರಿಲ್ ಬಂತು ನೋಡಿ, ಆಗ ಗೊತ್ತಾಯಿತು. ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ದಿನವಿಡೀ ಕಾದ ಸ್ಲ್ಯಾಬು ರಾತ್ರಿ ಹನ್ನೆರಡಾದರೂ ಆರುವುದಿಲ್ಲ. ನಮ್ಮಲ್ಲಿ ಒಣ ಹವೆ, ಅದಕ್ಕೇ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಳೇ ಕೂಲರ್ ಒಂದನ್ನು ತಂದೆವು. ಆದರೆ ಕೂಲರ್ ಕುಡಿಯುವುದು ನೀರು. ನಮ್ಮ ಓಣಿಗೆ ನಳದ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ದಿನಕ್ಕೆ ಎರಡು ಕೊಡ ಕೂಲರಿಗೇ ಹೋದರೆ ಸ್ನಾನಕ್ಕೆ, ಬಟ್ಟೆಗೆ ಎಲ್ಲಿಂದ ತರುವುದು? ಡಿಸರ್ಟೇಶನ್ ಬರೆಯುವ ದಿನಗಳಲ್ಲಿ ನಾನು ಬೆಳಗಿನ ಐದಕ್ಕೆ ಎದ್ದು ಡ್ರಮ್ಮು ತುಂಬಿಸುತ್ತಿದ್ದೆ. ಬಿಡುವಾಗ ಮನೆ ಮಾಲೀಕರು ಬಣ್ಣದ ಖರ್ಚು ಅಂತ ಅಡ್ವಾನ್ಸಿನಲ್ಲಿ 5,000 ಮುರಿದುಕೊಂಡರು. ಕಾಗದದಲ್ಲಿ ಬರೆಸಿಕೊಂಡಿರಲಿಲ್ಲ, ಹಾಗಾಗಿ ಸುಮ್ಮನಾಗಬೇಕಾಯಿತು.

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ನಮಗೆ ಟಿಕೆಟ್ ದುಡ್ಡಿಲ್ಲ. "ಯಕ್ಕಾ, ಆಧಾರ್ ತೋರಸ್ರಿ" ಅಂದು ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಹುಡುಗರಾದರೆ ಪಾಸ್ ಮಾಡಿಸಬೇಕು. ಕೇರಳದ ಗೆಳತಿ ದಿನಾ ಟಿಕೆಟ್ ತೆಗೆಯುತ್ತಿದ್ದಳು, ಯಾಕಂದರೆ ಈ ಯೋಜನೆ ರಾಜ್ಯದ ಮಹಿಳೆಯರಿಗೆ ಮಾತ್ರ. ದುಡ್ಡು ಉಳಿಯಿತು ನಿಜ. ಕಾಯುವುದು, ನಿಂತು ಹೋಗುವುದು, ಗೇಟಿನಿಂದ ಡಿಪಾರ್ಟ್‌ಮೆಂಟಿಗೆ ನಡೆಯುವುದು ಎಲ್ಲ ಸೇರಿ ದಿನಕ್ಕೆ ಎರಡೂವರೆ ಗಂಟೆ ಹೋಗುತ್ತಿತ್ತು. ವಾರದ ಐದು ದಿನಕ್ಕೆ ಹನ್ನೆರಡೂವರೆ ಗಂಟೆ. ಹಾಸ್ಟೆಲ್ಲಿನಲ್ಲಿ ಇದೇ ಹೊತ್ತಿನಲ್ಲಿ ನಾನು ಒಂದು ಪೇಪರಿನ ಅರ್ಧ ಓದು ಮುಗಿಸುತ್ತಿದ್ದೆ. ಬಾಡಿಗೆ, ಡಬ್ಬಿ ಅಂತ ರೂಪಾಯಿ ಲೆಕ್ಕ ಹಾಕಿದ್ದ ನಾನು ಈ ಲೆಕ್ಕವನ್ನೇ ಹಾಕಿರಲಿಲ್ಲ.

ಹಾಗಂತ ರೂಮು ತಪ್ಪು ಅನ್ನುವುದಿಲ್ಲ. ಸಂಜೆ ಊರಲ್ಲಿ ಖಾಯಂ ಕೆಲಸವೋ ಕೋಚಿಂಗೋ ಇದ್ದರೆ, ಜೊತೆಗೆ ನಂಬುವಂಥ ಇಬ್ಬರಿದ್ದರೆ ರೂಮೇ ಸರಿ. ಆದರೂ ಆಗಸ್ಟ್‌ನಿಂದ ಮಾರ್ಚ್‌ವರೆಗೆ ಸಾಕು. ಬರೀ "ಸ್ವಂತ ರೂಮಿದ್ರೆ ಚಂದ" ಅಂತ ಆಸೆಪಟ್ಟು ಹೊರಗೆ ಬರುವವರಿಗೆ, ಅದರಲ್ಲೂ ಮೊದಲ ವರ್ಷದವರಿಗೆ, ಹಾಸ್ಟೆಲ್ ಬಿಡಬೇಡಿ ಅಂತಲೇ ಹೇಳುತ್ತೇನೆ. ನಾನೇ ಮತ್ತೆ ಓದುವುದಾದರೆ ಕೊನೆಯ ಸೆಮಿಸ್ಟರಿಗೆ ಕ್ಯಾಂಪಸ್ಸಿಗೆ ವಾಪಸ್ ಹೋಗುತ್ತಿದ್ದೆ.

ಆ ಹುಡುಗಿಗೂ ಅದನ್ನೇ ಹೇಳಿದೆ. ಮುಂದಿನ ವರ್ಷ ರೂಮು ಹುಡುಕುವುದೇ ಆದರೆ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡು, ಒಳಗೆ ಹತ್ತು ನಿಮಿಷ ಕೂತ್ಕೋ, ನಳ ಯಾವ ದಿನ ಬರುತ್ತೆ ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳು ಅಂದೆ. ಹಾಸ್ಟೆಲ್ ಅರ್ಜಿ ಹಾಕುತ್ತೇನೆ ಅಂದಿದ್ದಾಳೆ. ರೊಟ್ಟಿ ಎಷ್ಟು ದಿನ ಕೆಡದೆ ಇರುತ್ತೆ ಅಂತಲೂ ಕೇಳಿದಳು. ಕಟಕ ಮಾಡಿಸಿಕೊಂಡು ಹೋಗು, ಹದಿನೈದು ದಿನಕ್ಕೆ ಚಿಂತೆ ಇಲ್ಲ ಅಂತ ಹೇಳಿದ್ದೇನೆ.